ಸೋಮವಾರದ ದರ ಮತ್ತು ಬಾಡಿಗೆಯ ಯಂತ್ರ

ಭಾನುವಾರ, ಬೆಳಿಗ್ಗೆ ಆರು ಗಂಟೆ, ರಾಣೆಬೆನ್ನೂರಿನ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ಹಿಂದಿನ ದಿನ ಬ್ಯಾಡಗಿಯಿಂದ ಬಂದಿದ್ದ ನನ್ನ ಅಕ್ಕ, ಅವಳ ಸೊಸೆ. ಮರುದಿನ ಹಾವೇರಿಯಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆಯುವುದಿತ್ತು. ಎರಡು ಸಲ ನಾನೇ ಮುಂದೂಡಿದ್ದೆ. ಎಡಗಣ್ಣು ಮೊದಲೇ ಮಂಜು. ಇನ್ನೂ ತಡಮಾಡಿದರೆ ಪೊರೆ ಗಟ್ಟಿಯಾಗಿ ತೆಗೆಯುವುದು ಕಷ್ಟವಾದೀತು ಎಂದು ವೈದ್ಯರು ಎಚ್ಚರಿಸಿದ್ದರು.

ಮುಂದೂಡಲು ಕಾರಣ ಒಂದು ಜಾಲತಾಣ. ಬ್ಯಾಡಗಿ ಪೇಟೆಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ವಹಿವಾಟು. ದಪ್ಪನೆಯ ಡಬ್ಬಿ ಕಾಯಿ ಎಷ್ಟಕ್ಕೆ ಹೋಯಿತು, ಸಪೂರದ ಕಡ್ಡಿ ಕಾಯಿ ಎಷ್ಟಕ್ಕೆ ಹೋಯಿತು ಎಂಬುದನ್ನು ನಿವೃತ್ತನಾದಾಗಿನಿಂದ ಒಂದು ಪುಟದಲ್ಲಿ ಹಾಕುತ್ತ ಬಂದಿದ್ದೇನೆ. ಅಕ್ಕನ ಸೊಸೆ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ದರ ಅವಳಿಂದ ಫೋನಿನಲ್ಲಿ ಬರುತ್ತದೆ. ಸುತ್ತಲಿನ ಹಳ್ಳಿಯವರು ಅದನ್ನು ನೋಡಿ, ಮುಂದಿನ ಪೇಟೆಗೆ ಮಾಲು ಹೇರಬೇಕೋ ಬೇಡವೋ ಎಂದು ನಿರ್ಧರಿಸುತ್ತಾರೆ.

ಮೊದಲು ಆ ಪುಟವನ್ನು ಹತ್ತಾರು ತಾಣಗಳು ಒಂದೇ ಯಂತ್ರ ಹಂಚಿಕೊಳ್ಳುವ ಅಗ್ಗದ ಹೋಸ್ಟಿಂಗ್‌ನಲ್ಲಿ ಇಟ್ಟಿದ್ದೆ. ವಠಾರದ ವಾಸ ಅದು; ಪಕ್ಕದವನು ನೀರು ಜಾಸ್ತಿ ಬಿಟ್ಟರೆ ನಮ್ಮ ನಲ್ಲಿ ಒಣಗುತ್ತಿತ್ತು. ಪೇಟೆಯ ದಿನ ಜನರೆಲ್ಲ ಒಟ್ಟಿಗೇ ನೋಡಲು ಬಂದರೆ ಏನು ಗತಿ ಎಂದು ವರ್ಚುವಲ್ ಮಷಿನ್ ಬಾಡಿಗೆಗೆ ಪಡೆದೆ. ಎಲ್ಲೋ ಇರುವ ದೊಡ್ಡ ಯಂತ್ರದೊಳಗೆ ನಮಗಾಗಿಯೇ ಬೇರ್ಪಡಿಸಿದ ಪಾಲು. ಇದು ಬಾಡಿಗೆಯ ಮನೆ. ಬೀಗವೂ ನಮ್ಮದು, ಕಸಬರಿಗೆಯೂ ನಮ್ಮದು. ಹೊಸರಿತ್ತಿಯ ಗುರುಕುಲದಲ್ಲಿ ಓದುವಾಗ ಎದ್ದ ಕೂಡಲೇ ಅಂಗಳ ಗುಡಿಸಿ ರೂಢಿಯಾದವನಿಗೆ ಅದು ಭಾರವೆನಿಸಲಿಲ್ಲ. ದಿನವೂ ಐದಕ್ಕೆದ್ದು ತಂತ್ರಾಂಶ ನವೀಕರಿಸುವುದು, ನಕಲು ತೆಗೆದಿಡುವುದು, ರಾತ್ರಿ ಯಾರಾದರೂ ಬೀಗ ಅಲ್ಲಾಡಿಸಿದ್ದಾರೆಯೇ ಎಂದು ನೋಡುವುದು. ಈಗ ಅಕ್ಷರಗಳೇ ಕಾಣಿಸುತ್ತಿರಲಿಲ್ಲ. ದಣಿದಿದ್ದೆ. ಬಿಡಲು ಮಾತ್ರ ಮನಸ್ಸು ಬರುತ್ತಿರಲಿಲ್ಲ.

“ಕಣ್ಣಿಗೆ ಪಟ್ಟಿ ಕಟ್ಟಿದ ಮ್ಯಾಲ ಆ ಮಷಿನ್ ಯಾರ್ ಕಾಯ್ತಾರ?” ಎಂದಳು ಅಕ್ಕ. “ನಾಳೆ ನಿನಗ ಕಣ್ಣು ಕಾಣದಿದ್ರ ಅದ ಬಂದು ಕೈ ಹಿಡಕೊಂಡು ಹಿತ್ತಲಕ್ಕ ಕರಕೊಂಡು ಹೋಗತೈತೇನು, ತಮ್ಮಾ?”

“ದರ ನಾ ಹಾಕತೇನ್ರಿ ಮಾಮಾ,” ಎಂದಳು ಸೊಸೆ. “ಆದರ ಆ ಕರೇ ಪರದೆ, ಬಿಳೇ ಅಕ್ಷರ ನನಗ ತಿಳಿಯಂಗಿಲ್ರಿ. ಬ್ಯಾರೆ ದಾರಿ ಇಲ್ಲೇನ್ರಿ?”

ಇತ್ತು. ಕೆಲವು ಕಂಪನಿಗಳಿಗೆ ಸಿದ್ಧವಾದ ಪುಟವನ್ನಷ್ಟೇ ಕೊಟ್ಟರೆ ಸಾಕು, ತೋರಿಸುವ ಕೆಲಸ ಅವರದು. ಯಂತ್ರ ನಮ್ಮ ಕಣ್ಣಿಗೂ ಬೀಳುವುದಿಲ್ಲ. ಖಾನಾವಳಿಯಲ್ಲಿ ಉಂಡಂತೆ, ಒಲೆ, ಪಾತ್ರೆ ಅವರ ಚಿಂತೆ. ಆದರೆ ವರ್ಷಗಳ ಹಳೆಯ ದರ ಹುಡುಕಲು ನಾನು ಕಷ್ಟಪಟ್ಟು ಕಟ್ಟಿದ್ದ ವ್ಯವಸ್ಥೆ ಅಲ್ಲಿ ಇದ್ದಂತೆಯೇ ನಡೆಯುವುದಿಲ್ಲ. ಅದಿಲ್ಲದೆ ಜನರಿಗೆ ತೊಂದರೆಯಾಗುತ್ತದೆ ಎಂದೆ. “ಹಂಗಾರ ಜನರನ್ನ ಕೇಳು,” ಎಂದಳು ಅಕ್ಕ. ನನ್ನ ಸಹಪಾಠಿಯೊಬ್ಬ ಕರ್ಜಗಿಯಲ್ಲಿ ಮೆಣಸಿನಕಾಯಿ ಬೆಳೆಯುತ್ತಾನೆ. ಅವನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

“ಹಳೇ ದರ ಹುಡುಕೋದನ್ನ ತೆಗೆದರ ನಿಮ್ಮೂರಾಗ ತೊಂದರಿ ಆಗತೈತೇನು?”

“ಅದೆಲ್ಲೈತಲೇ ದೋಸ್ತ? ನಾ ನಿನ್ನ ಪುಟ ತೆಗೀತೇನಿ, ನಮ್ಮಾಕಿ ತನ್ನ ಫೋನಿನಾಗ ಅದರ ಫೋಟೋ ಹೊಡೀತಾಳ, ಊರ ವಾಟ್ಸಾಪ್ ಗುಂಪಿಗೆ ಹಾಕತೇವಿ. ಉಳಿದವರು ಫೋಟೋನ ನೋಡ್ತಾರ.”

“ಪುಟ ನೀ ಒಬ್ಬನ ತೆಗೀತಿಯೇನು?”

“ಊರಿಗೊಬ್ಬ ಸಾಕಲ್ಲ! ಯಾಕ, ನಿನಗೇನು ಸಂತಿ ಕೂಡಬೇಕಿತ್ತೇನು?”

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಪುಟಕ್ಕೆ ಬಂದು ಹೋದವರ ದಾಖಲೆ ತೆರೆಸಿ ಸೊಸೆಯಿಂದ ಓದಿಸಿದೆ. ಅವನು ಹೇಳಿದ್ದು ಖರೆ. ಪೇಟೆಯ ದಿನ ನುಗ್ಗಿ ಬರುವರೆಂದು ನಾನು ಯಾರಿಗಾಗಿ ಮನೆ ಹಿಡಿದು ಗುಡಿಸಿಟ್ಟಿದ್ದೆನೋ ಆ ಜನ ಬೆರಳೆಣಿಕೆಯಷ್ಟು. ದಾಖಲೆ ಮೊದಲಿನಿಂದಲೂ ಅಲ್ಲಿತ್ತು. ಕಳ್ಳರನ್ನು ಹುಡುಕಲು ದಿನವೂ ಅದನ್ನು ತೆರೆಯುತ್ತಿದ್ದೆನೇ ಹೊರತು ಬಂದ ಅತಿಥಿಗಳನ್ನು ಎಣಿಸಿರಲಿಲ್ಲ.

“ಹಂಗಾರ ಪುಟ ಅತ್ತ ಸಾಗಸೋಣ,” ಎಂದೆ. ಚಹಾ ಕುಡಿದು ಕೆಲಸಕ್ಕೆ ಕುಳಿತೆವು. ಹಳೆಯ ದರಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿದೆವು. ಸೊಸೆ ತಾನೇ ತುಂಬಬಲ್ಲ ಒಂದು ಸರಳ ಕೋಷ್ಟಕ ಮಾಡಿದಳು. ಪುಟವನ್ನು ಹೊಸ ಜಾಗಕ್ಕೆ ಏರಿಸಿ, ತಾಣದ ಹೆಸರು ಹೊಡೆದವರು ಅಲ್ಲಿಗೇ ಹೋಗುವಂತೆ ತಿರುಗಿಸಿದೆವು. ಆ ಬದಲಾವಣೆ ಎಲ್ಲೆಡೆ ತಲುಪಲು ಕೆಲವು ತಾಸು ಬೇಕು. ನಾನು ಗೋಡೆಗೊರಗಿ ಕಣ್ಣು ಮುಚ್ಚಿ ಕುಳಿತೆ.

ಸಂಜೆ ಕರ್ಜಗಿಯಿಂದ ಒಂದು ಫೋಟೋ ಬಂತು. ಹೊಸ ಪುಟದ ಚಿತ್ರ, ಓರೆ, ಮೂಲೆಯಲ್ಲಿ ಗೆಳೆಯನ ಹೆಬ್ಬೆರಳು. ಸೊಸೆ ಗುರುವಾರದ ದರ ಒಂದೊಂದಾಗಿ ಓದಿದಳು. ಎಲ್ಲ ಸರಿಯಿತ್ತು.

ಬಾಡಿಗೆಯ ಯಂತ್ರವನ್ನು ಅಳಿಸುವುದಷ್ಟೇ ಉಳಿದಿತ್ತು. ಖಚಿತವಾಗಿದ್ದರೆ ಯಂತ್ರದ ಹೆಸರು ಬರೆಯಿರಿ ಎಂದು ಪರದೆ ಕೇಳಿತು. ನಾನು ಅಕ್ಷರ ಹೇಳಿದೆ, ಅವಳು ಒತ್ತಿದಳು.

ಅಕ್ಕ ಔಷಧದ ಶೀಶೆ ಹಿಡಿದು ಕಾಯುತ್ತಿದ್ದಳು. “ನಾಳೆ ಐದಕ್ಕ ಎದ್ರೂ ಗುಡಸೋದೇನಿಲ್ಲ ನಿನಗ,” ಎನ್ನುತ್ತ ಬಲಗಣ್ಣಿಗೆ ಹನಿ ಬಿಟ್ಟಳು. ನಾನು ಶೀಶೆ ಇಸಿದುಕೊಂಡು ಮುಚ್ಚಳ ಬಿಗಿಮಾಡಿ, ಆಸ್ಪತ್ರೆಯ ಚೀಲದೊಳಗೆ ಇಟ್ಟೆ.