ಬ್ಯಾರನ್ನಿನೊಳಗಿನ ಅಕ್ಷರದಾಟ

ಹುಣಸೂರಿನ ದಾರಿಯಲ್ಲಿ ಹೊಗೆಸೊಪ್ಪು ಬೇಯುವ ವಾಸನೆ ಬಂದರೆ ನನಗೆ ಗೆಳತಿ ರತ್ನಿ ನೆನಪಾಗುತ್ತಾಳೆ. ಶಾಲೆ ಸೋರುತ್ತಿದ್ದುದರಿಂದ ನಮ್ಮ ಮಿಸ್ ಸೊಪ್ಪು ಬೇಯಿಸುವ ಖಾಲಿ ಬ್ಯಾರನ್ ಮನೆಯಲ್ಲೇ ಪಾಠ ಮಾಡುತ್ತಿದ್ದರು. ನಮ್ಮ ಕಣ್ಣು ಮುಚ್ಚಿಸಿ "ನ, ವಿ, ಲು" ಎಂದು ಬಿಡಿಬಿಡಿಯಾಗಿ ಹೇಳುವರು. ಕೂಡಿಸಿ ಹೇಳಿದವರಿಗೆ ಚಪ್ಪಾಳೆ. ರತ್ನಿಗೆ ಮಾತ್ರ ಕೂಡುತ್ತಲೇ ಇರಲಿಲ್ಲ.

ಒಂದು ದಿನ ಅವಳಪ್ಪ ಬಂದ. "ಇವ್ಳಿಗೆ ಇದ್ಯೆ ಅತ್ತಾಕಿಲ್ಲ ಕಣ್ರವ್ವ. ಸೊಪ್ಪು ಕಟ್ಟಕ್ಕೆ ಕರ್ಕೊಂಡೋಯ್ತೀನಿ."

"ಒಂದಾಟ ಆಡ್ಲಿ, ಇರಿ," ಎಂದರು ಮಿಸ್.

ಅವರು ಬಾಯಿ ತೆರೆಯುವ ಮೊದಲೇ ರತ್ನಿ "ಚೆಲುವಿ" ಎಂದು ನಕ್ಕಳು.

"ನಾನಿನ್ನೂ ಏನೂ ಹೇಳೇ ಇಲ್ವಲ್ಲೇ."

"ಯಾರೋ ಕಿವೀಲಿ ಅಂದ್ರು ಮಿಸ್. ಚೆ, ಲು, ವಿ ಅಂತ."

ಅಪ್ಪ ಮಿಸ್ ಕಡೆ ತಿರುಗಿದ. "ಇವ್ಳವ್ವನ ಹೆಸ್ರು. ಇವ್ಳ ಹೆತ್ತು ಸತ್ಮೇಲೆ ಆ ಹೆಸ್ರ ಯಾರೂ ಎತ್ತಿಲ್ಲ."

ಅವನು ಮಗಳನ್ನು ಕರೆಯದೆ ಹೊರಟುಹೋದ.

ರತ್ನಿ ಈಗ ಟೀಚರ್. ಅದೇ ಆಟ ಆಡಿಸುತ್ತಾಳೆ. ಮಕ್ಕಳೆಲ್ಲ ನಗುವಾಗ ಒಮ್ಮೊಮ್ಮೆ ಅವಳೊಬ್ಬಳೇ ಆಲಿಸುತ್ತಾ ನಿಲ್ಲುತ್ತಾಳೆ.