ಯಜಮಾನರಿಗೆ ಕೊಡಬಾರದ ಕಾದಂಬರಿ

ಪುಸ್ತಕ ಓದುವ ಚಟಕ್ಕಿಂತ, ಓದಿದ್ದನ್ನು ಇನ್ನೊಬ್ಬರ ಕೈಗೆ ತುರುಕುವ ಚಟ ದೊಡ್ಡದು. ನನಗೆ ಎರಡೂ ಇವೆ. ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಎದುರಿಗೆ ಕೂತವರಿಗೆ ಏನನ್ನೂ ಹೇಳಿಕೊಡದೆ ಕಳಿಸಿದರೆ ನನಗೆ ಅವತ್ತು ಊಟ ಸೇರುವುದಿಲ್ಲ. ಅರಿಶಿನ ಕುಂಕುಮಕ್ಕೆ ಬಂದವರಿಗೂ ಎಲೆ ಅಡಿಕೆಯ ಜೊತೆ ಒಂದು ಪುಸ್ತಕ ಕೊಟ್ಟು ಕಳಿಸಿದ್ದುಂಟು. ಆರು ತಿಂಗಳಾದ ಮೇಲೆ ಅವರು "ತುಂಬಾ ಚೆನ್ನಾಗಿತ್ತು ಮಿಸ್" ಎಂದು ವಾಪಸು ತಂದುಕೊಡುತ್ತಾರೆ. ನಾನಿಟ್ಟ ಎಲೆ ಅಡಿಕೆಯ ಕಲೆ ಒಂದು ಪುಟದಲ್ಲಿರುತ್ತದೆಯೇ ಹೊರತು ಬೇರೆ ಯಾವ ಪುಟವನ್ನೂ ಯಾರೂ ಮುಟ್ಟಿರುವುದಿಲ್ಲ. ನನ್ನ ಮಾತು ನಂಬಿ ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅದರಲ್ಲಿರುವಂತೆಯೇ ನಡೆಯಲು ಹೊರಟವರು ನನ್ನ ಬದುಕಿನಲ್ಲಿ ಒಬ್ಬರೇ. ದುರದೃಷ್ಟಕ್ಕೆ ಅವರು ನನ್ನ ಗಂಡ.

ಆ ಪುಸ್ತಕವನ್ನು ನಿಮಗೂ ಶಿಫಾರಸು ಮಾಡಬೇಕೆಂದೇ ಬರೆಯಲು ಕೂತಿದ್ದೇನೆ. ತೆಳ್ಳನೆಯ ನಗೆ ಕಾದಂಬರಿ. ರಕ್ಷಾಪುಟವೂ ಮೊದಲ ನಾಲ್ಕು ಹಾಳೆಗಳೂ ಯಾರ ಮನೆಯಲ್ಲೋ ಉದುರಿಹೋಗಿರುವುದರಿಂದ ಹೆಸರು ಹೇಳಲಾರೆ. ಬರೆದವರ ಹೆಸರೂ ಆ ಹಾಳೆಗಳ ಜೊತೆಗೇ ಹೋಗಿದೆ. ಕತೆ ಇಷ್ಟು. ನಿವೃತ್ತರಾದ ಒಬ್ಬ ಹೆಡ್‌ಮಾಸ್ಟರು, ಅವರ ಹೆಂಡತಿ, ಒಬ್ಬ ಪೋಸ್ಟ್‌ಮಿಸ್ಟ್ರೆಸ್ಸು, ಒಬ್ಬ ದನದ ಡಾಕ್ಟರು. ನಾಲ್ವರೂ ಇಲ್ಲಿನ ಗಂಟುಮೂಟೆ ಕಟ್ಟಿ ಪೋರ್ಚುಗಲ್ಲಿನ ಒಂದು ಕಡಲತೀರದ ಊರಿಗೆ ಹೋಗಿ ಮನೆ ಮಾಡುತ್ತಾರೆ. ಡಾಕ್ಟರು ಬೇಕರಿಯವನ ಕತ್ತೆಗೆ ಔಷಧಿ ಕೊಟ್ಟು ದಿನಾ ಬಿಸಿ ಬ್ರೆಡ್ಡು ಸಂಪಾದಿಸುತ್ತಾರೆ. ಹೆಡ್‌ಮಾಸ್ಟರು ಅಭ್ಯಾಸಬಲದಿಂದ ಬೆಳಿಗ್ಗೆ ಹತ್ತಕ್ಕೆ ಚರ್ಚಿನ ಗಂಟೆ ಬಾರಿಸಿಬಿಡುತ್ತಾರೆ. ಊರೆಲ್ಲ ಓಡಿ ಬರುತ್ತದೆ. ಪೋಸ್ಟ್‌ಮಿಸ್ಟ್ರೆಸ್ಸು ಅಕ್ಕಿರೊಟ್ಟಿ ಅಂಗಡಿ ಇಡುತ್ತಾಳೆ. ಸಂಜೆ ನಾಲ್ವರೂ ಬಾಲ್ಕನಿಯಲ್ಲಿ ಕೂತು ಸಮುದ್ರ ನೋಡುತ್ತ ಮಂಡಿನೋವಿನ ಬಗ್ಗೆ ಮಾತಾಡುತ್ತಾರೆ. ಎಲ್ಲಿಗೆ ಹೋದರೂ ಮಂಡಿ ಮಾತ್ರ ಜೊತೆಗೇ ಬರುತ್ತದೆ ಎಂಬುದನ್ನು ಇಷ್ಟು ಸೊಗಸಾಗಿ ಬರೆದ ಪುಸ್ತಕ ಇನ್ನೊಂದಿಲ್ಲ.

ಇದನ್ನು ನಮ್ಮನೆಯವರಿಗೆ ಕೊಟ್ಟದ್ದು ಸಾಹಿತ್ಯಾಭಿಮಾನದಿಂದಲ್ಲ, ಆತ್ಮರಕ್ಷಣೆಗೆ. ಗಂಗಾಧರಪ್ಪನವರು ಸರ್ವೆ ಇಲಾಖೆಯಲ್ಲಿದ್ದವರು. ಕಣಕಟ್ಟೆ ಕಡೆಯ ತೆಂಗಿನ ತೋಟಗಳಲ್ಲಿ, ಜಗಳವಾಡುವ ಅಣ್ಣತಮ್ಮಂದಿರ ನಡುವೆ ಸರಪಳಿ ಹಿಡಿದು ನಿಂತು ಗಡಿ ಗುರುತು ಮಾಡಿಕೊಟ್ಟವರು. ನಿವೃತ್ತಿಯಾದ ಮೇಲೆ ಅಳೆಯಲು ಜಮೀನಿಲ್ಲದೆ ನನ್ನ ಅಡುಗೆಮನೆ ಅಳೆಯತೊಡಗಿದರು.

"ಮಂಗಳಾ, ಒಲೆಯಿಂದ ಸಿಂಕಿಗೆ ನೀನು ಒಂಬತ್ತು ಅಡಿ ನಡೀತೀಯ ಕಣೇ. ಡಬ್ಬಿ ಎಲ್ಲ ಈ ಕಡೆ ಇಟ್ರೆ ಐದೇ ಅಡಿ," ಎಂದು ಒಂದು ಬೆಳಿಗ್ಗೆ ಸಾಸಿವೆ ಡಬ್ಬಿಯನ್ನು ಎಲ್ಲಿಗೋ ವರ್ಗಾವಣೆ ಮಾಡಿದರು. ಒಗ್ಗರಣೆಯ ಎಣ್ಣೆ ಹೊಗೆಯಾಡುತ್ತಿತ್ತು. ನಾನು ಕೈಗೆ ಸಿಕ್ಕ ಪುಸ್ತಕವನ್ನು ಅವರ ಮಡಿಲಿಗೆ ಹಾಕಿ "ಮೊದಲು ಇದನ್ನ ಓದ್ರಿ" ಎಂದೆ.

ಮೂರು ದಿನ ಮನೆ ತಣ್ಣಗಿತ್ತು. ಹಾಲ್‌ನಿಂದ ಆಗಾಗ ನಗು ಕೇಳುತ್ತಿತ್ತು. ನಾಲ್ಕನೆಯ ದಿನ ಅವರು ಅಡುಗೆಮನೆಯ ಬಾಗಿಲಿಗೆ ಬಂದು, ಪಹಣಿ ತಿದ್ದುಪಡಿಯ ಆದೇಶ ಓದುವ ದನಿಯಲ್ಲಿ "ನಾವೂ ಹೋಗೋಣ" ಎಂದರು.

"ಎಲ್ಲಿಗ್ರೀ? ಮಾಲೇಕಲ್ಲು ಬೆಟ್ಟಕ್ಕಾ?"

"ಪೋರ್ಚುಗಲ್ಲಿಗೆ."

ಅರವತ್ತರ ಮೇಲೆ ಹೊಸ ಊರಿನಲ್ಲಿ ಹೊಸದಾಗಿ ಶುರು ಮಾಡುವುದು ಗಂಡಸರಿಗೆ ಮಹಾ ಸಾಹಸವಾಗಿ ಕಾಣುತ್ತದೆ. ನಾವು ಹೆಂಗಸರು ಅದನ್ನು ಇಪ್ಪತ್ತೆರಡಕ್ಕೇ ಮುಗಿಸಿಕೊಂಡಿರುತ್ತೇವೆ. ಬಾಣಾವರದಿಂದ ನಾನು ಮದುವೆಯಾಗಿ ಅರಸೀಕೆರೆಗೆ ಬಂದಾಗ ನನಗದು ಪರದೇಶವೇ. ಸಾರಿನ ರುಚಿ ಬೇರೆ, ಬಾಗಿಲಿಗೆ ನೀರು ಹಾಕುವ ಹೊತ್ತು ಬೇರೆ. ನಮ್ಮತ್ತೆಯವರ ಬಾಯಲ್ಲಿ "ಆಮೇಲೆ ನೋಡಾನ" ಅಂದರೆ "ಬೇಡ" ಎಂದರ್ಥ ಅನ್ನುವುದು ಗೊತ್ತಾಗಲು ಎರಡು ವರ್ಷ ಹಿಡಿಯಿತು. ಆಗ ನನಗೆ ಯಾರೂ ಪಾಸ್‌ಪೋರ್ಟ್ ಮಾಡಿಸಿಕೊಡಲಿಲ್ಲ, ನನ್ನ ಬಗ್ಗೆ ಕಾದಂಬರಿಯನ್ನೂ ಬರೆಯಲಿಲ್ಲ. ಇನ್ನು ನಮ್ಮ ಹಿಂದಿನವರು ಈ ವಯಸ್ಸಿಗೆ ವಾನಪ್ರಸ್ಥವನ್ನು ವಿಧಿಸಿದ್ದರು, ನಿಜ. ಆದರೆ ಅವರು ಕಾಡಿಗೆ ಹೋಗು ಎಂದರೇ ಹೊರತು, ಅಲ್ಲಿ ಅಕ್ಕಿರೊಟ್ಟಿ ಅಂಗಡಿ ಇಡು ಎನ್ನಲಿಲ್ಲ. ಇದನ್ನೆಲ್ಲ ನಾನು ಸಾವಧಾನವಾಗಿ ವಿವರಿಸುವ ಹೊತ್ತಿಗೆ ಇವರು ಇಬ್ಬರ ಪಾಸ್‌ಪೋರ್ಟಿಗೂ ಅರ್ಜಿ ಹಾಕಿ ಮುಗಿಸಿದ್ದರು.

ವಿಚಾರಣೆಗೆಂದು ಮನೆಗೆ ಬಂದ ಪೊಲೀಸ್ ಪೇದೆ ನನ್ನ ಹಳೆಯ ವಿದ್ಯಾರ್ಥಿ. ಹಿಂದೊಮ್ಮೆ ಭೂಪಟದಲ್ಲಿ ಅರಬ್ಬೀ ಸಮುದ್ರ ತೋರಿಸು ಎಂದರೆ ರಾಜಸ್ಥಾನದ ಮೇಲೆ ಬೆರಳಿಟ್ಟವನು. ಕುರ್ಚಿಯ ತುದಿಯಲ್ಲಿ ಕೂತು ಸಂಕೋಚದಿಂದ ಕೇಳಿದ.

"ಅಲ್ಲಿ ನಿಮ್ಮೋರು ಯಾರವ್ರೆ ಮಿಸ್?"

"ಯಾರೂ ಇಲ್ಲಪ್ಪ."

"ಯಾರೂ ಇಲ್ದೇದ್ ಕಡೆಗೆ ಯಾಕ್ ಹೋಯ್ತೀರಿ?"

ನಾನು ಗಂಡನ ಮುಖ ನೋಡಿದೆ. ಅವರು ಗಂಭೀರವಾಗಿ "ಯಾರೂ ಇಲ್ಲ ಅಂತಲೇ" ಎಂದರು. ಅವನು ಅದನ್ನು ಬರೆದುಕೊಳ್ಳಬೇಕೋ ಬೇಡವೋ ತಿಳಿಯದೆ ಕಾಫಿ ಕುಡಿದು ಹೋದ. ಶಿವಮೊಗ್ಗದಲ್ಲಿರುವ ಮಗಳು ಫೋನಿನಲ್ಲಿ ಎಷ್ಟು ನಕ್ಕಳೆಂದರೆ, ಅವಳ ಕುಕ್ಕರಿನ ಸೀಟಿಯೂ ಕೇಳಿಸಲಿಲ್ಲ.

ಆಮೇಲೆ ಭಾಷೆ. ಫೋನಿನಲ್ಲಿ ಒಂದು ಪಾಠ ಹಾಕಿಕೊಂಡು ದಿನಾ ಬೆಳಿಗ್ಗೆ ಅಭ್ಯಾಸ ಶುರುವಾಯಿತು. ಎರಡು ತಿಂಗಳಲ್ಲಿ ಇವರಿಗೆ "ಸೇಬು ಕೆಂಪಗಿದೆ" ಮತ್ತು "ನನ್ನ ಚಿಕ್ಕಮ್ಮನ ಬೆಕ್ಕು ಹಾಲು ಕುಡಿಯುತ್ತದೆ" ಎಂಬ ಎರಡು ವಾಕ್ಯಗಳು ನಿರರ್ಗಳವಾಗಿ ಬಂದವು. ಮಾತಾಡಿ ನೋಡಲು ಅರಸೀಕೆರೆಯಲ್ಲಿ ಪೋರ್ಚುಗೀಸರು ಎಲ್ಲಿ ಸಿಗಬೇಕು? ಅದಕ್ಕೂ ದಾರಿ ಕಂಡುಕೊಂಡರು. ಭಾನುವಾರ ಬೆಳಿಗ್ಗೆ ಜಾವಗಲ್ಲಿನ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿಗೆ ಹೋಗಿ, ದೇವಸ್ಥಾನದ ಮುಂದಿನ ಹುಲ್ಲಿನ ಮೇಲೆ ಕೂರುವುದು. ಬಿಳಿಯ ಮುಖ ಕಂಡರೆ "ಬೋಂ ದಿಯಾ" ಎನ್ನುವುದು. ಬಂದವರು ಫ್ರಾನ್ಸಿನವರೋ ಪೋಲೆಂಡಿನವರೋ ಆಗಿರುತ್ತಿದ್ದರು. ಅವರು ಕೈಮುಗಿದು "ನಮಸ್ತೆ" ಎನ್ನುತ್ತಿದ್ದರು. ಇಬ್ಬರೂ ತಮಗೆ ಬಾರದ ಭಾಷೆಯಲ್ಲಿ ಗೌರವ ಸಲ್ಲಿಸಿ ಮುಂದೆ ಹೋಗುತ್ತಿದ್ದರು.

ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಪಾಠ ಹೇಳುವ ಬುದ್ಧಿ ಬಿಡಬೇಕಲ್ಲ. "ಹೊಯ್ಸಳರೂ ನಿಮ್ಮ ಹಾಗೇ ಕಣ್ರೀ. ಬೆಟ್ಟದ ಕಡೆಯಿಂದ ಇಳಿದು ಬೇಲೂರಿಗೆ ಬಂದರು, ಅಲ್ಲಿ ನಿಲ್ಲದೆ ಇಲ್ಲಿಗೆ ಬಂದು ಹೊಸದಾಗಿ ಶುರು ಮಾಡಿದರು. ಈಗ ನೋಡಿ, ಊರಿನ ಹೆಸರೇ ಹಳೇ ಬೀಡು" ಎಂದೆ. ಇವರು ಕೆರೆಯ ಕಡೆ ನೋಡುತ್ತ "ಪೋಸ್ಟ್‌ಮಿಸ್ಟ್ರೆಸ್ಸಿನ ಬಾಲ್ಕನಿಯಿಂದ ನೀರು ಹೀಗೇ ಕಾಣ್ತಿರಬೇಕು ಅಲ್ವಾ?" ಎಂದರು. ಒಂಬೈನೂರು ವರ್ಷದ ಶಿಲ್ಪಕಲೆಗೆ ಬೆನ್ನು ಹಾಕಿ ಕೂತು ಕಾದಂಬರಿಯ ಬಾಲ್ಕನಿಯನ್ನು ನೆನೆಯುವ ಮನುಷ್ಯನಿಗೆ ಇತಿಹಾಸ ಹೇಳಿ ಏನು ಪ್ರಯೋಜನ?

ಹನ್ನೊಂದನೆಯ ಭಾನುವಾರ ಫೋನು ಬಂತು.

"ಮಂಗಳಾ, ಸಿಕ್ತು!"

"ಏನ್ ಸಿಕ್ತು?"

"ಪೋರ್ಚುಗಲ್ಲು! ಊಟಕ್ಕೆ ಕರ್ಕೊಂಡು ಬರ್ತಿದೀನಿ."

ಪೋರ್ಚುಗಲ್ಲು ಎಂದರೆ ತೆರೇಜಾ ಎಂಬ, ಎಪ್ಪತ್ತರ ಹತ್ತಿರದ, ಬೆಳ್ಳಿಕೂದಲಿನ ಹೆಂಗಸು. ಬೇಲೂರು ಹಳೇಬೀಡು ನೋಡಿಕೊಂಡು, ಸಂಜೆ ಅರಸೀಕೆರೆಯಲ್ಲಿ ಹುಬ್ಬಳ್ಳಿ ರೈಲು ಹಿಡಿದು ಗೋವಾಕ್ಕೆ ಹೋಗುವವರಿದ್ದರು. ಚಪಾತಿಗೆ ನಾನು ಬಡಿಸಿದ ಹುಚ್ಚೆಳ್ಳು ಚಟ್ನಿಪುಡಿಯನ್ನು ಮೂರು ಸಲ ಹಾಕಿಸಿಕೊಂಡರು. ನಮ್ಮನೆಯವರು ಬೆನ್ನು ನೆಟ್ಟಗೆ ಮಾಡಿ ಸೇಬು, ಚಿಕ್ಕಮ್ಮ, ಬೆಕ್ಕು ಎಲ್ಲವನ್ನೂ ಒಪ್ಪಿಸಿದಾಗ ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಿಕ್ಕ ಮಾತು ನನ್ನ ಮೇಷ್ಟರಿಂಗ್ಲಿಷಿನಲ್ಲೂ ಅವರ ಮುರುಕಲು ಇಂಗ್ಲಿಷಿನಲ್ಲೂ ನಡೆಯಿತು. ಇವರು ಪುಸ್ತಕ ತಂದು ನನ್ನ ಕೈಲಿ ಕತೆಯನ್ನೆಲ್ಲ ಹೇಳಿಸಿದರು. ಆಕೆ ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಕೇಳಿದರು.

"ಅಂಥದೇ ಊರಿನಲ್ಲಿ ನಾನಿದ್ದೆ," ಎಂದರು ಕೊನೆಗೆ. "ಬಟ್ಟೆ ಹೊಲಿಯುತ್ತಿದ್ದೆ. ನಿಮ್ಮ ಪುಸ್ತಕದವರಂಥವರೇ ಬಂದರು, ಬೇರೆ ಬೇರೆ ದೇಶದಿಂದ. ಒಳ್ಳೆಯವರು. ಬಾಲ್ಕನಿಯಲ್ಲಿ ನಿಂತು ಕೈ ಬೀಸುತ್ತಿದ್ದರು. ಒಬ್ಬರೂ ಕೆಳಗಿಳಿದು ಬರಲಿಲ್ಲ. ಒಂದೊಂದೇ ಮನೆ ಅವರದಾಯಿತು. ನಾನಿದ್ದ ಮನೆಯನ್ನೂ ಮಾಲೀಕರು ಮಾರಿದರು. ಬೆಟ್ಟದ ಕಡೆ ಅಕ್ಕನ ಹಳ್ಳಿಗೆ ಹೋದೆ. ಅರವತ್ತೇಳನೇ ವಯಸ್ಸಿನಲ್ಲಿ ಹೊಸದಾಗಿ ಶುರು ಮಾಡಿದೆ." ದೂರಿನ ದನಿಯಿರಲಿಲ್ಲ. ಮತ್ತೊಂದು ಚಪಾತಿಗೆ ತಟ್ಟೆ ಚಾಚಿದರು.

ರೈಲು ಹತ್ತಿಸಿ ಬಂದ ಮೇಲೆ ನಮ್ಮನೆಯವರು ಪುಸ್ತಕವನ್ನು ಕಪಾಟಿಗೆ ಸೇರಿಸಿದರು. ಆಮೇಲೆ ಹೇಳಿದರು: "ಜಮೀನು ಅಳೆಯೋಕೆ ಹೋದ್ರೆ ನಾವು ಮೊದಲು ಕೇಳ್ತಿದ್ದದ್ದೇ ಅನುಭೋಗದಲ್ಲಿ ಯಾರಿದ್ದಾರೆ, ಈಗ ಅಲ್ಲಿರೋರು ಯಾರು ಅಂತ. ಇಲ್ಲಿ ಕೇಳಲೇ ಇಲ್ಲ ನೋಡು." ಫೋನಿನ ಪಾಠ ಅಳಿಸಿಹಾಕಿದರು. ಪಾಸ್‌ಪೋರ್ಟುಗಳು ಬೀರುವಿನಲ್ಲಿ ನನ್ನ ರೇಷ್ಮೆ ಸೀರೆಯ ಕೆಳಗೆ ಸೇರಿದವು. ಮಾರನೆಯ ದಿನದಿಂದ ಡಬ್ಬಿಗಳ ತಂಟೆಗೂ ಬರಲಿಲ್ಲ.

ನಾನು ನೆಮ್ಮದಿಯಾಗಿರಬೇಕಿತ್ತು. ಆದರೆ ಇಲ್ಲಿ ನಿಮಗೊಂದು ಗುಟ್ಟು ಹೇಳಬೇಕು. ಇಷ್ಟು ದಿನ ಅವರನ್ನು ಗೇಲಿ ಮಾಡುತ್ತಿದ್ದ ನಾನು, ರಾಗಿ ಡ್ರಮ್ಮಿನ ಹಿಂದೆ ಒಂದು ಜೊತೆ ಕ್ಯಾನ್‌ವಾಸ್ ಶೂ ಬಚ್ಚಿಟ್ಟಿದ್ದೆ. ಶನಿವಾರ ಬೆಳಿಗ್ಗೆ ಮಾಲೇಕಲ್ಲು ಬೆಟ್ಟಕ್ಕೆ ಹೋಗಿ ಆ ಶೂ ಹಾಕಿಕೊಂಡು ಬುಡದಲ್ಲಿ ನಡೆದು, ದೇವರ ಮೆಟ್ಟಿಲನ್ನು ಮಾತ್ರ ಬರಿಗಾಲಲ್ಲಿ ಹತ್ತಿ, ಮಂಡಿಗೆ ತರಬೇತಿ ಕೊಡುತ್ತಿದ್ದೆ. ಕೇಳಿದವರಿಗೆ ಹರಕೆ ಎನ್ನುತ್ತಿದ್ದೆ. ಮೂವತ್ತೊಂದು ವರ್ಷ ಗೋಡೆಗೆ ನೇತುಹಾಕಿದ ಭೂಪಟದಲ್ಲಿ ಕೋಲಿಟ್ಟು ದೇಶ ತೋರಿಸಿದವಳಿಗೆ, ಕೋಲಿನ ತುದಿಯಲ್ಲಿದ್ದದ್ದನ್ನು ಒಮ್ಮೆ ನೋಡುವ ಆಸೆ ಇರಬಾರದೇ? ಆಸೆಯಿದ್ದದ್ದು ನನಗೆ, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿದ್ದದ್ದು ಅವರಿಗೆ. ಈಗ ಅವರೇ ಸುಮ್ಮನಾದರೆ ಗತಿಯೇನು?

ಹತ್ತು ದಿನ ಕಾದು ಹೇಳಿಯೇ ಬಿಟ್ಟೆ. "ರೀ, ಹೋಗೋದು ಬೇಡ ಅಂತ ಯಾರು ಹೇಳಿದ್ರು?"

"ಆಯಮ್ಮನೇ ಹೇಳಿದ್ರಲ್ಲ."

"ಅವರು ಬರಬೇಡಿ ಅನ್ಲಿಲ್ಲ. ಮೇಲೆ ನಿಂತು ಕೈ ಬೀಸಿದ್ರು, ಕೆಳಗೆ ಬರಲಿಲ್ಲ ಅಂದ್ರು, ಅಷ್ಟೇ."

"ಹಂಗಾದ್ರೆ ನಿನಗೆ ಹೋಗೋ ಮನಸ್ಸಿದೆಯಾ?"

"ಶೂ ತಗೊಂಡಿದೀನಿ," ಎಂದೆ.

ಅವರು ನನ್ನನ್ನು ನೋಡಿದ ಪರಿ ಹೇಗಿತ್ತೆಂದರೆ, ಮದುವೆಯಾಗಿ ಮೂವತ್ತೆಂಟು ವರ್ಷದ ಮೇಲೆ ಗಂಡ ಹಾಗೆ ನೋಡುವುದು ಸಾಮಾನ್ಯವಲ್ಲ. ಅವತ್ತೇ ನಾನು ತೆರೇಜಾ ಕೊಟ್ಟುಹೋಗಿದ್ದ ಇಮೇಲಿಗೆ ಬರೆದೆ. ಮೂರು ದಿನಕ್ಕೆ ಉತ್ತರ ಬಂತು: ಸಮುದ್ರವಿಲ್ಲ, ಬಾಲ್ಕನಿಯಿಲ್ಲ; ಅಕ್ಕನ ಮನೆಯ ಹಿಂದೆ ಒಂದು ಕೋಣೆಯಿದೆ; ವೀಸಾ ಎಷ್ಟು ದಿನ ಬಿಡುತ್ತದೋ ಅಷ್ಟು ದಿನ ಇರಿ; ಆಲಿವ್ ಕಾಯಿ ಬಿಡಿಸುವ ಕಾಲಕ್ಕೆ ಬಂದರೆ ಊರವರೆಲ್ಲ ಪರಿಚಯವಾಗುತ್ತಾರೆ; ಬರುವಾಗ ಆ ಕಪ್ಪು ಪುಡಿ ತನ್ನಿ. ನಮ್ಮನೆಯವರು ಓದಿ "ಮರ ಹತ್ತಬೇಕಾ ಅಂತ ಕೇಳು" ಎಂದರು. ತೆಂಗಿನ ಸೀಮೆಯವರ ಪ್ರಶ್ನೆ. ಅಂತೂ ವೀಸಾ ಸಿಕ್ಕಿತು, ಟಿಕೆಟ್ಟೂ ಆಯಿತು.

ಹಾಗಾಗಿ ಕಾದಂಬರಿಯನ್ನು ಈಗಲೂ ಶಿಫಾರಸು ಮಾಡುತ್ತೇನೆ. ತೆರೇಜಾ ಅದರಲ್ಲಿಲ್ಲ ಎನ್ನುವುದು ಕೊರತೆಯೇ. ಆದರೆ ಮನೆಯೊಳಗೆ ಕೂತಿದ್ದವರನ್ನು ಎಬ್ಬಿಸಿ ಬಾಗಿಲವರೆಗೆ ತಂದು ನಿಲ್ಲಿಸುವುದು ಒಂದು ತೆಳ್ಳನೆಯ ಪುಸ್ತಕಕ್ಕೆ ಸಣ್ಣ ಕೆಲಸವಲ್ಲ. ಬಾಗಿಲಾಚೆಗಿನದನ್ನು ನಾವೇ ನೋಡಿಕೊಳ್ಳಬೇಕು.

ಮೊನ್ನೆ ಪ್ರಯಾಣದ ವಿಮೆಯ ಅರ್ಜಿ ತುಂಬುತ್ತಿದ್ದೆವು. ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದ ನೆರೆಯವರ ಹೆಸರು ಬರೆಯಿರಿ ಎಂದಿತ್ತು. ನಮ್ಮನೆಯವರ ಪೆನ್ನು ನಿಂತಿತು. ನಮ್ಮ ಮಹಡಿಯ ಮೇಲೆ ಎರಡು ವರ್ಷದಿಂದ ಒಂದು ಬಿಹಾರದ ಸಂಸಾರ ಬಾಡಿಗೆಗಿದೆ. ಗಂಡ ರೈಲು ಹಳಿ ನೋಡಿಕೊಳ್ಳುವ ಕೆಲಸದವನು. ಹೆಂಡತಿ ಮನೆಯಲ್ಲೇ ಇರುತ್ತಾಳೆ. ನಮ್ಮ ಮಾತಿನಲ್ಲಿ ಅವರು "ಮೇಲಿನವರು". ಅದರಾಚೆಗೆ ಆಕೆಯ ಹೆಸರೇನೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಕೇಳಿಕೊಂಡು ಬರುತ್ತೇನೆಂದು ಮೆಟ್ಟಿಲು ಹತ್ತಿದವರು ಒಂದೂವರೆ ಗಂಟೆ ಇಳಿಯಲಿಲ್ಲ. ಇಳಿದಾಗ ಮುಖ ಬೆಳಗಿತ್ತು.

"ಸರಿತಾ ಅಂತ. ನಮಗಿಂತ ಚೆನ್ನಾಗಿ ನಮ್ಮೂರ ಕನ್ನಡ ಬರುತ್ತೆ ಕಣೇ. ಸಂತೇಲಿ ಕಲಿತಿದ್ದಂತೆ. 'ಕುತ್ಕಳಿ ಸಾರ್, ಟೀ ಐತೆ' ಅಂದ್ಲು. ನಾವು ಹೋಗೋ ವಿಷಯ ಹೇಳಿದೆ. ಬುದ್ಧಿ ಹೇಳಿ ಕಳಿಸಿದಾಳೆ."

"ಏನಂತೆ ಬುದ್ಧಿ?"

"ಹೊಸ ಊರಿಗೆ ಹೋದ ವಾರದಲ್ಲೇ ಪಕ್ಕದ ಮನೇಲಿ ಏನಾದ್ರೂ ಕೇಳಬೇಕಂತೆ. ಉಪ್ಪೋ ಬೆಂಕಿಪೊಟ್ಟಣನೋ. ನಮ್ಮತ್ರ ಇದ್ರೂ ಕೇಳಬೇಕಂತೆ. ನಾವು ಕೇಳಿದ್ರೆ ಅವರಿಗೂ ನಮ್ಮನ್ನ ಕೇಳೋಕೆ ಸಂಕೋಚ ಇರಲ್ಲ ಅಂತೆ."

"ಇಲ್ಲಿ ಬಂದಾಗ ಕೇಳಿದ್ಲಂತಾ?"

"ನಿನ್ನನ್ನೇ ಕೇಳಿದ್ಲಂತೆ, ಕರಿಬೇವು. ನೀನು ಇಡೀ ಕೊಂಬೆನೇ ಮುರಿದು ಕೊಟ್ಟೆಯಂತೆ."

ನನಗೆ ನೆನಪಾಯಿತು. ಸ್ವಲ್ಪ ಹೆಮ್ಮೆಯೂ ಆಯಿತು. "ಆಮೇಲೆ?"

"ಆಮೇಲೆ, ನೀನೂ ಏನಾದ್ರೂ ಕೇಳ್ತೀಯ ಅಂತ ಎರಡು ವರ್ಷದಿಂದ ಕಾಯ್ತಿದಾಳಂತೆ."

ನಾವು ಹೊರಡಲು ಇನ್ನೂ ಮೂರು ವಾರವಿದೆ. ಅಷ್ಟರೊಳಗೆ ಒಂದು ಸಲವಾದರೂ ಮೇಲೆ ಹೋಗಿ ಸರಿತಾಳ ಬಾಗಿಲು ತಟ್ಟಿ ಏನಾದರೂ ಕೇಳಬೇಕು. ನಿನ್ನೆಯಿಂದ ಅಡುಗೆಮನೆಯಲ್ಲಿ ನಿಂತು ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದೇನೆ. ಏನು ಮಾಡಲಿ ಹೇಳಿ, ಹಾಳಾದ್ದು ಎಲ್ಲವೂ ತುಂಬಿವೆ.