ಸರ್ ಬೇರೆ ಇಟ್ಟುಕೊಂಡ ಕಪ್

ಹೋದ ವಾರ ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಚಹಾಕ್ಕೆ ಹಸಿ ಶುಂಠಿ ಜಜ್ಜುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ದೂರ ಸರಿದು ನಿಂತೆ. ಇಪ್ಪತ್ತು ವರ್ಷವಾದರೂ ಆ ಹೆದರಿಕೆ ಹಳತಾಗಿಲ್ಲ...

ಬೈಲಹೊಂಗಲದ ಕಾಲೇಜಿನಲ್ಲಿ ನನಗೆ ಇತಿಹಾಸ ಕಲಿಸಿದವರು ಸರ್. ಒಂಟಿ ಜೀವ. ಪಡಸಾಲೆಯಲ್ಲಿ ಬುದ್ಧನ ಪಟ, ಮೂಲೆಯಲ್ಲಿ ಪುಸ್ತಕಗಳ ರಾಶಿ. ಅವರ ಅಪ್ಪನಿಗೆ ಊರ ಹೋಟೆಲಿನವರು ಬೇರೆ ಕಪ್ ಇಟ್ಟಿದ್ದರಂತೆ. ಹೊರಗೆ ಕೂತು ಕುಡಿದು ತಾವೇ ತೊಳೆದಿಡಬೇಕು. ನಾನೋ ದೊಡವಾಡದ ಗೌಡರ ಮಗ. ಪ್ರತಿ ಶನಿವಾರ ಸರ್ ಮನೆಯಲ್ಲಿ ಚಹಾ ಕುಡಿದು, ಅದನ್ನು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದೆ. ಎಂಥ ಧೈರ್ಯವಂತ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡದ್ದೂ ಉಂಟು.

ಸರ್‌ಗೆ ಫ್ರಾನ್ಸಿನ ಒಬ್ಬ ತತ್ವಜ್ಞಾನಿ ಎಂದರೆ ಪ್ರಾಣ. ಹುಚ್ಚರನ್ನು, ರೋಗಿಗಳನ್ನು, ಕೈದಿಗಳನ್ನು ಊರು ಹೇಗೆ ಬೇರೆ ಮಾಡಿ ಇಡುತ್ತದೆ, ಇಟ್ಟು ತಾನು ನೆಟ್ಟಗಿದ್ದೇನೆ ಎಂದು ಹೇಗೆ ನಂಬುತ್ತದೆ ಎಂದು ಬರೆದವನು ಆತ.

ಆ ವರ್ಷ ಸರ್ ಬಹಳ ಸೊರಗಿದ್ದರು. ಒಂದು ಶನಿವಾರ ಆ ತತ್ವಜ್ಞಾನಿಯ ಸಾವಿನ ಕಥೆ ಹೇಳಿದರು. ಅವನಿಗೆ ಏಡ್ಸ್ ಆಗಿತ್ತು. ಆಗ ಆ ರೋಗವೇ ಹೊಸದು. ಸತ್ತ ಮೇಲೂ ಜನ ಪಿಸುಗುಟ್ಟಿದರಂತೆ. ಹೇಳುತ್ತಲೇ ನನ್ನ ಮುಂದೆ ಹಸಿ ಶುಂಠಿ ಜಜ್ಜಿ ಹಾಕಿದ ಚಹಾ ಇಟ್ಟರು. ತಮಗೆ ಮಾತ್ರ ಗೂಡಿನಿಂದ ಹಿಡಿಕೆ ಮುರಿದ ಕಪ್ ತೆಗೆದುಕೊಂಡರು. ನಾನು ಅದನ್ನೇ ನೋಡುತ್ತಿದ್ದೆ.

"ಬ್ಯಾರೆ ಕಪ್ ನಾನ ಇಟ್ಕೊಂಡೇನಿ, ತಮ್ಮಾ," ಎಂದರು. "ನನಗೂ ಅದ ಜಡ್ಡು. ನಿನ್ನ ಕಪ್ ಬ್ಯಾರೆ ಐತಿ, ಕುಡಿ."

ಎಂಜಲಿನಿಂದ ಅದು ಬರುವುದಿಲ್ಲ ಎಂದು ಓದಿದ್ದೆ. ಓದಿದ್ದು ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ. ಹಿಂದಿನ ಶನಿವಾರಗಳಲ್ಲಿ ಕುಡಿದ ಕಪ್‌ಗಳನ್ನೆಲ್ಲ ಲೆಕ್ಕ ಹಾಕತೊಡಗಿದೆ.

"ಬಸ್ಸಿನ ಹೊತ್ತಾತ್ರಿ, ಸರ್," ಎಂದು ಕಪ್ ಮುಟ್ಟದೆ ಎದ್ದೆ. ಸರ್ ತಡೆಯಲಿಲ್ಲ. ಬಸ್ ಸ್ಟ್ಯಾಂಡಿನ ನಳದಲ್ಲಿ ಮೊಣಕೈವರೆಗೂ ತೊಳೆದುಕೊಂಡೆ. ಮತ್ತೆ ಆ ಕಡೆ ಸುಳಿಯಲಿಲ್ಲ. ಆರು ತಿಂಗಳಿಗೆ ಸರ್ ತೀರಿಕೊಂಡ ಸುದ್ದಿ ಬಂತು... ಮಣ್ಣಿಗೂ ಹೋಗಲಿಲ್ಲ. ಅವರನ್ನು ಕಳೆದುಕೊಂಡದ್ದು ಸುದ್ದಿ ಬಂದ ದಿನವಲ್ಲ, ನಾನು ಎದ್ದುಬಂದ ದಿನ.

ಈಗ ರಾಮದುರ್ಗದಲ್ಲಿ ನಾನೂ ಇತಿಹಾಸ ಕಲಿಸುತ್ತೇನೆ. ಆ ತತ್ವಜ್ಞಾನಿಯ ಪಾಠಕ್ಕೆ ನನಗೆ ಹೆಸರು ಬಂದಿದೆ. ಪಾಠವೆಲ್ಲ ಸರ್ ಕೊಟ್ಟದ್ದು. ಅವರ ಹೆಸರನ್ನು ಮಾತ್ರ ಎತ್ತುವುದಿಲ್ಲ. ಮೊನ್ನೆ ಸಾಲಹಳ್ಳಿಯ ಹುಡುಗಿಯೊಬ್ಬಳು ಅವನು ಹೇಗೆ ಸತ್ತ ಎಂದು ಕೇಳಿದಳು. ಜಡ್ಡಾಗಿತ್ತು ಎಂದು ಬೋರ್ಡಿನ ಕಡೆ ತಿರುಗಿದೆ.

"ಯಾವ ಜಡ್ಡರಿ, ಸರ್?"

ಬರೆಯಲು ಏನೂ ಇರಲಿಲ್ಲ. ಆದರೂ ಗಂಟೆ ಹೊಡೆಯುವವರೆಗೆ ನಾನು ಈ ಕಡೆ ತಿರುಗಲಿಲ್ಲ.